ಕರ್ಣಕುಂಡಲದ ಕಾಯಿ ಮುಟ್ಟಿದರೆ ಯಾಕೆ ಸಿಡಿಯುತ್ತದೆ

ಭೂಮಿಗೆ ಬಳಿದ ಬಣ್ಣ ಇನ್ನೂ ಒಣಗಿರಲಿಲ್ಲ ಅಂತ ಇಟ್ಟುಕೋ. ಬೆಟ್ಟದ ಮೇಲೆ ಕೈಯಿಟ್ಟರೆ ಹಸಿರು ಅಂಟುತ್ತಿತ್ತು. ಯಾವ ಕಡೆ ಬೀಸಬೇಕು ಅಂತ ಗಾಳಿಗೇ ಗೊತ್ತಿರಲಿಲ್ಲ, ಸಿಕ್ಕಸಿಕ್ಕವರನ್ನು ಕೇಳಿಕೊಂಡು ಓಡಾಡುತ್ತಿತ್ತು. ಗಿಡ ಮಾತಾಡುತ್ತಿತ್ತು, ಹೊಳೆ ಮಾತಾಡುತ್ತಿತ್ತು. ಬಾಯಿ ಮುಚ್ಚಿಕೊಂಡು ಇದ್ದದ್ದು ಕಲ್ಲು ಒಂದೇ.

ಆಗ ದೇವೀರಮ್ಮ ಅಂತ ಒಬ್ಬಳಿದ್ದಳು. ಮನೆಯ ಹಿಂದೆ ಹಿತ್ತಲು ಮಾಡಿ, ಮೊಟ್ಟಮೊದಲು ಹೂವಿನ ಗಿಡ ಹಾಕಿದವಳು ಅವಳೇ. ಬೇಸಿಗೆಗೆ ಮಲ್ಲಿಗೆ, ಮಳೆಗಾಲಕ್ಕೆ ಕರ್ಣಕುಂಡಲ, ಚಳಿಗೆ ಚೆಂಡುಹೂ. ಹಿತ್ತಲು ಎಷ್ಟು ದೊಡ್ಡದು ಅಂತೀಯ? ಎರಡು ಚಾಪೆ ಹಾಸಿದರೆ ಮುಗೀತು. ಅಷ್ಟರಲ್ಲೇ ಅವಳ ಪ್ರಪಂಚ.

ಅವಳಿಗೆ ಒಬ್ಬಳೇ ಮಗಳು, ಮಾದೇವಿ. ಅವಳನ್ನು ಹೊಳೆಯಾಚೆಗೆ ಮದುವೆ ಮಾಡಿ ಕೊಟ್ಟಿದ್ದಳು. ಆಚೆ ದಡದಲ್ಲಿ ಒಂದೇ ಒಂದು ಹೂ ಇಲ್ಲ. ಪಾಪ, ಮಾದೇವಿ ಹಬ್ಬಕ್ಕೆ ಬೇವಿನ ಸೊಪ್ಪು ಮುಡಿದುಕೊಳ್ಳುತ್ತಿದ್ದಳಂತೆ. ಅವಳಿಗೆ ಹೆಣ್ಣುಮಗು ಹುಟ್ಟಿ ಎರಡು ವರ್ಷ ಆಗಿತ್ತು. ದೇವೀರಮ್ಮ ಇನ್ನೂ ಮೊಮ್ಮಗಳ ಮುಖ ನೋಡಿರಲಿಲ್ಲ.

ಯಾಕೆ ನೋಡಿರಲಿಲ್ಲ? ಅದೇ ಕಥೆ, ಕೇಳು.

ಆಗಿನ್ನೂ ದೋಣಿ ನಡೆಸುವವರು ಹುಟ್ಟಿರಲಿಲ್ಲ. ಹೊಳೆಯೇ ಜನರನ್ನು ಬೆನ್ನ ಮೇಲೆ ಕೂರಿಸಿಕೊಂಡು ದಾಟಿಸುತ್ತಿತ್ತು. ಅದೂ ವರ್ಷಕ್ಕೆ ಒಂದೇ ದಿನ, ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ. ಸೂರ್ಯ ತೆಂಗಿನಮರದ ತಲೆ ಮುಟ್ಟುವವರೆಗೆ ಕಾಯುತ್ತಿತ್ತು. ಆಮೇಲೆ ಯಾರು ಅತ್ತು ಕರೆದರೂ ನಿಲ್ಲುತ್ತಿರಲಿಲ್ಲ.

ಆ ದಿನ ಬಂತು ಅಂದರೆ ಹಿತ್ತಲಲ್ಲಿ ಗಲಾಟೆಯೋ ಗಲಾಟೆ. ಮಗಳ ಮನೆಗೆ ಹೋಗುವ ತಾಯಿ ಹೂವಿನ ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋಗಬೇಕು. ಶಂಖಪುಷ್ಪ "ನನ್ನ ಮಕ್ಕಳನ್ನ ಬೇಲಿ ಪಕ್ಕ ಹಾಕು" ಅನ್ನುತ್ತಿತ್ತು. ಸಂಜೆಮಲ್ಲಿಗೆ "ನನ್ನ ಮಕ್ಕಳಿಗೆ ಬಿಸಿಲು ಸ್ವಲ್ಪ ಕಡಿಮೆ ಇರಲಿ" ಅನ್ನುತ್ತಿತ್ತು. ಬೀಜಗಳಿಗಂತೂ ಹಿಂದಿನ ದಿನದಿಂದ ನಿದ್ದೆ ಇಲ್ಲ. ಹೊಸ ಊರು, ಹೊಸ ಮಣ್ಣು, ಹೊಳೆಯ ಸವಾರಿ ಬೇರೆ.

ಎಲ್ಲರೂ ತಯಾರು. ಕುಂಡಲಮ್ಮ ಒಬ್ಬಳನ್ನು ಬಿಟ್ಟು.

ಕುಂಡಲಮ್ಮ ಅಂದರೆ ನಮ್ಮ ಕರ್ಣಕುಂಡಲದ ಗಿಡ. ಒಳ್ಳೆಯವಳು, ಆದರೆ ಹೊರಡುವುದು ಅಂದರೆ ಅವಳ ಕೈಕಾಲು ಆಡುತ್ತಿರಲಿಲ್ಲ. ಕಾಯಿಯ ಬಾಗಿಲು ಹಾಕಿಕೊಂಡು ಒಳಗೆ ಮಕ್ಕಳನ್ನು ಉಜ್ಜಿದ್ದೂ ಉಜ್ಜಿದ್ದೇ, ಎಣಿಸಿದ್ದೂ ಎಣಿಸಿದ್ದೇ. ಒಬ್ಬನ ಮೈ ಇನ್ನೂ ಕಂದು ಬಣ್ಣಕ್ಕೆ ತಿರುಗಿಲ್ಲ, ಇನ್ನೊಬ್ಬಳ ಕೆನ್ನೆಗೆ ಏನೋ ಮೆತ್ತಿದೆ. "ಒಂದೇ ನಿಮಿಷ ಅಕ್ಕಾ, ಬಂದೆ" ಅನ್ನುತ್ತಿದ್ದಳು. ನಗಬೇಡ. ನಾನೇ ಹೀಗೆ ಎರಡು ಸಲ ಬಸ್ಸು ತಪ್ಪಿಸಿಕೊಂಡಿದ್ದೀನಿ, ನಿಮ್ಮ ತಾತ ಇವತ್ತಿಗೂ ಬಿಟ್ಟಿಲ್ಲ ಹೇಳಿಕೊಂಡು ತಿರುಗುವುದನ್ನು.

ಮೊದಲ ವರ್ಷ ದೇವೀರಮ್ಮ ಕಾದಳು, ಕಾದಳು, ಕೊನೆಗೆ ಹೊರಟಳು. ಬೇಲಿ ಬಾಗಿಲು ದಾಟಿ ನಾಲ್ಕು ಹೆಜ್ಜೆ ಇಟ್ಟಿದ್ದಳು ಅಷ್ಟೇ. ಕುಂಡಲಮ್ಮ ಹಿಂದಿನಿಂದ ಕೂಗಿಬಿಟ್ಟಳು, "ಅಕ್ಕಾ, ನಿಂತ್ಕೋ."

ಹೊರಟವರನ್ನು ಹಿಂದಿನಿಂದ ಕೂಗಬಾರದು ಅಂತ ನಾನು ನಿನಗೆ ಎಷ್ಟು ಸಲ ಹೇಳಿಲ್ಲ? ಕೂಗಿದರೆ ಆಯಿತು, ವಾಪಸ್ ಬರಬೇಕು, ಚಪ್ಪಲಿ ಬಿಡಬೇಕು, ಕೂತು ಒಂದು ಲೋಟ ನೀರು ಕುಡಿಯಬೇಕು, ಆಮೇಲೇ ಹೊರಡಬೇಕು. ಪ್ರಪಂಚ ಹೊಸದಾದರೂ ಈ ಕಟ್ಟಳೆ ಆಗಲೇ ಹಳೆಯದಾಗಿತ್ತು. ದೇವೀರಮ್ಮ ಬಂದಳು, ಕೂತಳು, ನೀರು ಕುಡಿದಳು. ಅಷ್ಟರಲ್ಲಿ ಸೂರ್ಯ ತೆಂಗಿನಮರ ಏರಿದ. ಹೊಳೆ ಹೊರಟುಹೋಯಿತು.

ಎರಡನೇ ವರ್ಷವೂ ಅದೇ ಕೂಗು, ಅದೇ ಲೋಟ, ಅದೇ ನೀರು. ಕುಂಡಲಮ್ಮನ ಮಕ್ಕಳು ಎರಡೂ ವರ್ಷ ಮುಚ್ಚಿದ ಕಾಯಿಯೊಳಗೇ ಮುಗ್ಗಿಹೋದವು. ಅವಳು ಅತ್ತಳು. ಉಳಿದ ಗಿಡಗಳು ಅವಳ ಜೊತೆ ಮಾತು ಬಿಟ್ಟವು. ದೇವೀರಮ್ಮ ಮಾತ್ರ ಬೈಯಲಿಲ್ಲ. ಸುಮ್ಮನೆ ನೀರು ಹಾಕಿದಳು.

ಮೂರನೇ ವರ್ಷ ಬಂತು. ಆ ಕಾಲದಲ್ಲಿ ಕರ್ಣಕುಂಡಲಕ್ಕೆ ಮೂರೇ ಮಳೆಗಾಲದ ಆಯಸ್ಸು. ಇಡೀ ಭೂಮಿಯ ಮೇಲೆ ಆ ಜಾತಿಯ ಗಿಡ ಇದ್ದದ್ದೇ ಇವಳೊಬ್ಬಳು. ಈ ಸಲ ಮಕ್ಕಳು ಹೋಗಲಿಲ್ಲ ಅಂದರೆ ವಂಶ ಅಲ್ಲಿಗೆ ಮುಗೀತು.

ದೇವೀರಮ್ಮ ಬೆಳಿಗ್ಗೆಯೇ ಹೇಳಿದಳು, "ನೋಡ್ರಮ್ಮಾ, ಈ ಸಲ ನಾನೇ ಒಬ್ಬೊಬ್ಬರನ್ನೂ ಮುಟ್ಟಿ ಕರೀತೀನಿ. ಮುಟ್ಟಿದ ತಕ್ಷಣ ಮಕ್ಕಳನ್ನ ಕೊಡಬೇಕು."

ಚೆಂಡುಹೂವನ್ನು ಮುಟ್ಟಿದಳು, ಕೊಟ್ಟಿತು. ಶಂಖಪುಷ್ಪವನ್ನು ಮುಟ್ಟಿದಳು, ಕೊಟ್ಟಿತು. ಸಂಜೆಮಲ್ಲಿಗೆಯನ್ನು ಮುಟ್ಟಿದಳು, ಕೊಟ್ಟಿತು. ಕುಂಡಲಮ್ಮನ ಕಾಯಿಯನ್ನು ಮುಟ್ಟಿದಳು.

"ಒಂದೇ ನಿಮಿಷ ಅಕ್ಕಾ."

"ಅಮ್ಮಾ, ನಾವು ತಯಾರು, ಬಿಡಮ್ಮಾ," ಅಂತ ಒಳಗಿನಿಂದ ಹಿರಿಯ ಬೀಜ ಕುಣಿಯಿತು.

"ಈ ಅವತಾರದಲ್ಲಾ? ನೋಡಿದವರು ನನ್ನನ್ನ ಏನಂತಾರೆ? ಚಿಕ್ಕವನ ಮೈ ಇನ್ನೂ ಅರ್ಧ ಬೆಳ್ಳಗಿದೆ."

ಬೇಲಿಯ ಹೊರಗಿನಿಂದ ಹೊಳೆ ಕೂಗಿತು, "ದೇವೀರಮ್ಮಾ, ಸೂರ್ಯ ಗರಿ ಮುಟ್ಟಿದ. ಬರೋದಾದರೆ ಬಾ, ಇಲ್ಲದಿದ್ದರೆ ನಾನು ಹೊರಟೆ."

ದೇವೀರಮ್ಮನ ಕಣ್ಣಲ್ಲಿ ನೀರು ಬಂತು. "ಇನ್ನು ಆಗಲ್ಲ ಕಣೇ ಕುಂಡಲಾ. ನನಗೂ ಒಂದು ಮಗು ಅಲ್ಲಿ ಕಾಯ್ತಿದೆ," ಅಂದಳು. ಸೆರಗು ಸಿಕ್ಕಿಸಿಕೊಂಡು ಬಾಗಿಲ ಕಡೆ ಹೊರಟಳು.

ಈಗ ಕೇಳು. ಕುಂಡಲಮ್ಮ ಬಾಯಿ ತೆರೆದಳು. "ಅಕ್ಕಾ" ಅನ್ನುವುದು ಗಂಟಲವರೆಗೆ ಬಂತು. ಕೂಗಿದರೆ ದೇವೀರಮ್ಮ ಖಂಡಿತ ವಾಪಸ್ ಬರುತ್ತಾಳೆ. ಬಂದು ಕೂರುತ್ತಾಳೆ, ನೀರು ಕುಡಿಯುತ್ತಾಳೆ, ಹೊಳೆ ಹೋಗುತ್ತದೆ, ಆ ಮಗು ಇನ್ನೊಂದು ವರ್ಷ ಅಜ್ಜಿಯನ್ನು ಕಾಣುವುದಿಲ್ಲ. ಕೂಗದಿದ್ದರೆ? ತನ್ನ ಮಕ್ಕಳು ಇಲ್ಲೇ ಮುಗ್ಗಿಹೋಗುತ್ತವೆ.

ದೇವೀರಮ್ಮ ಬೇಲಿ ಬಾಗಿಲಿಗೆ ಕೈ ಹಾಕಿದಳು.

ಕುಂಡಲಮ್ಮ ಕೂಗಲಿಲ್ಲ. ಬಂದ ಕೂಗನ್ನು ಹಾಗೇ ನುಂಗಿದಳು. ಮೈಯೆಲ್ಲ ಬಿಗಿ ಹಿಡಿದಳು, ಎಲೆ ಬಿಗಿ ಹಿಡಿದಳು, ದಂಟು ಬಿಗಿ ಹಿಡಿದಳು. ಕೂಗು ಹೊರಗೆ ಹೋಗಲು ದಾರಿ ಇಲ್ಲದೆ ಕಾಯಿಯೊಳಗೆ ತುಂಬಿಕೊಂಡಿತು. ಕಾಯಿ ಊದಿತು, ಊದಿತು.

ಚಟ್ ಅಂತ ಸಿಡಿಯಿತು.

ಬೀಜಗಳು ಹಾರಿದವು ನೋಡು! ತಲೆ ಬಾಚಿಲ್ಲ, ಮೈ ಒರೆಸಿಲ್ಲ, ಹಿರಿಯವನು ಮುಂದೆ, ಚಿಕ್ಕವನು ಅರ್ಧ ಬೆಳ್ಳಗಿದ್ದ ಹಾಗೇ ಹಿಂದೆ. ಎರಡು ಹೋಗಿ ದೇವೀರಮ್ಮನ ತುರುಬಿನಲ್ಲಿ ಕೂತವು. ಮೂರು ಸೆರಗಿನ ಮಡಿಕೆಗೆ ಬಿದ್ದವು. ಚಿಕ್ಕವನು ಅವಳ ಹಿಮ್ಮಡಿಯ ಹಸಿಮಣ್ಣಿಗೆ ಅಂಟಿಕೊಂಡ.

ಬೆನ್ನಿಗೆ ಚಟಪಟ ಏನೋ ಬಡಿದದ್ದು ದೇವೀರಮ್ಮನಿಗೆ ತಿಳಿಯಿತು. ಏನು ಅಂತಲೂ ತಿಳಿಯಿತು. ಯಾರೂ ಕೂಗಿರಲಿಲ್ಲವಲ್ಲ, ವಾಪಸ್ ಬರಬೇಕಾಗಿಲ್ಲ. ಒಂದು ಕೈಯಲ್ಲಿ ತುರುಬು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸೆರಗು ಹಿಡಿದುಕೊಂಡು, ನಗುತ್ತಾ ಓಡಿದಳು. ಹೊಳೆ ಹೊರಡಲು ಎದ್ದೇ ನಿಂತಿತ್ತು. ಎಗರಿ ಕೂತಳು.

ಆಚೆ ದಡದಲ್ಲಿ ಮಾದೇವಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಮಗು ಅಜ್ಜಿಯ ಮುಖ ನೋಡಲಿಲ್ಲ, ಸೀದಾ ತುರುಬಿಗೆ ಕೈ ಹಾಕಿ ಒಂದು ಬೀಜ ತೆಗೆಯಿತು. ದೇವೀರಮ್ಮನಿಗೆ ಅಳು ನಗು ಎರಡೂ ಒಟ್ಟಿಗೆ ಬಂತು.

ಮುಂದಿನ ಮಳೆಗಾಲಕ್ಕೆ ಆಚೆ ದಡ ಪೂರ್ತಿ ಗುಲಾಬಿ, ಕೆಂಪು, ನೇರಳೆ. ಅರ್ಧ ಬೆಳ್ಳಗಿದ್ದ ಚಿಕ್ಕವನು ಬಿಳಿ ಹೂವನ್ನೇ ಬಿಟ್ಟ, ಎಲ್ಲರಿಗಿಂತ ಚೆಂದ. ಗಾಳಿ ಈ ಸುದ್ದಿ ಹೊತ್ತುಕೊಂಡು ಓಡಿತು. ಈಚೆ ಹಿತ್ತಲಲ್ಲಿ ಕುಂಡಲಮ್ಮನ ಎಲೆಗಳೆಲ್ಲ ಉದುರಿ ಹೋಗಿದ್ದವು. ಮೂರು ಮಳೆಗಾಲ ಮುಗಿದಿದ್ದರೂ, ಮಕ್ಕಳ ಸುದ್ದಿ ಕೇಳಲೆಂದೇ ಒಣಗಿದ ದಂಟಿನಲ್ಲಿ ಜೀವ ಒಂದಿಷ್ಟು ಹಿಡಿದುಕೊಂಡಿದ್ದಳು.

"ಎಲ್ಲರೂ ಬದುಕಿದ್ದಾರೆ, ಎಲ್ಲರೂ ಹೂ ಬಿಟ್ಟಿದ್ದಾರೆ," ಅಂದಿತು ಗಾಳಿ.

"ತಲೆ ಬಾಚಿಕೊಂಡಿದ್ದಾರಾ?" ಅಂತ ಕೇಳಿದಳಂತೆ ಕುಂಡಲಮ್ಮ.

"ಇಲ್ಲ."

"ಇರಲಿ ಬಿಡು," ಅಂದಳಂತೆ. ಅಷ್ಟು ಹೇಳಿ ನೆಮ್ಮದಿಯಾಗಿ ಮಣ್ಣಿಗೆ ಒರಗಿದಳು.

ಅಂದಿನಿಂದ ಅವಳ ವಂಶದಲ್ಲಿ ಯಾರೂ "ಒಂದೇ ನಿಮಿಷ" ಅನ್ನುವುದಿಲ್ಲ. ಅದಕ್ಕೇ ಮಗಾ, ಇವತ್ತಿಗೂ ಬಲಿತ ಕರ್ಣಕುಂಡಲದ ಕಾಯಿಗೆ ನಿನ್ನ ಬೆರಳು ತಾಕಿದರೆ ಸಾಕು, ದೇವೀರಮ್ಮ ಮುಟ್ಟಿ ಕರೆದಳು ಅಂತ ಬೀಜಗಳು ಹಾರಿಬಿಡುತ್ತವೆ, ಮತ್ತೆ ಆ ಸಿಪ್ಪೆ ನಿನ್ನ ಅಂಗೈಯಲ್ಲಿ ಬಿಗಿಯಾಗಿ ಸುರುಳಿ ಸುತ್ತಿಕೊಂಡು, ಅವರನ್ನು ಹಿಂದಿನಿಂದ ಕೂಗದೆ ಸುಮ್ಮನಿರುತ್ತದೆ.