ಹೊಳೆ ನಿಧಾನ ಕಲಿತ ದಾರಿ

ಜಗತ್ತು ಆಗಷ್ಟೇ ಕಣ್ಣು ಬಿಡುತ್ತಿತ್ತು. ಬೆಟ್ಟಗಳ ಮೈ ಇನ್ನೂ ಹಸಿಯಾಗಿತ್ತು. ಆಕಾಶಕ್ಕೆ ನೀಲಿ ಬಣ್ಣ ಒಂದೇ ಕೈ ಬಳಿದಾಗಿತ್ತು. ಹಕ್ಕಿಗಳು ಹಾರುವುದನ್ನೇನೋ ಕಲಿತಿದ್ದವು, ಇಳಿಯುವುದು ಹೇಗೆಂದು ಒಂದನ್ನೊಂದು ಕೇಳುತ್ತಿದ್ದವು.

ಆಗ ಎಲ್ಲರೂ ತಮ್ಮ ತಮ್ಮ ನಡಿಗೆ ಹುಡುಕಿಕೊಳ್ಳುತ್ತಿದ್ದರು. ಇರುವೆ ಸಾಲು ಹಿಡಿಯಿತು. ಕಪ್ಪೆ ಒಂದು ಸಲ ಕುಪ್ಪಳಿಸಿ ನೋಡಿ, ಇಷ್ಟು ಸಾಕು ಎಂದಿತು. ಏಡಿ ಅಡ್ಡಡ್ಡ ನಡೆಯಿತು. ಯಾಕೆ ಹೀಗೆ ಎಂದು ಕೇಳಿದವರ ಮೇಲೆ ಸಿಟ್ಟು ಮಾಡಿಕೊಂಡಿತು, ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಬಸವನಹುಳು ಇನ್ನೂ ಯೋಚನೆ ಮಾಡುತ್ತಿತ್ತು.

ಹೊಳೆ ಮಾತ್ರ ಯೋಚನೆ ಮಾಡಲಿಲ್ಲ, ಯಾರನ್ನೂ ಕೇಳಲೂ ಇಲ್ಲ. ಅವಳು ಬೆಟ್ಟದ ಮಗಳು. ಇಳಿಜಾರಿನಲ್ಲಿ ಹುಟ್ಟಿದವರಿಗೆ ಓಟವನ್ನು ಯಾರೂ ಕಲಿಸಬೇಕಾಗಿಲ್ಲ.

ಕಡಲಿನ ಮನೆಗೆ ಹೊರಟ ದಿನ ಬೆಟ್ಟದವ್ವ ಮಗಳ ಉಡಿ ತುಂಬಿದಳು. ಅಕ್ಕಿ ಬೆಲ್ಲ ಅವಳ ಹತ್ತಿರ ಎಲ್ಲಿಂದ ಬರಬೇಕು? ತನ್ನ ಮೈಯನ್ನೇ ತೇಯ್ದು, ಹೊಂಬಣ್ಣದ ಮರಳು ಮಾಡಿ, ಮಡಿಲಿಗೆ ಸುರಿದಳು.

"ಕಡಲಿನ ಮನಿ ಮುಟ್ಟೂತನಕ ಇದನ್ನ ಎಲ್ಲೂ ಇಳಸಬ್ಯಾಡ, ಮಗಳ" ಎಂದಳು.

ಹೊಳೆ ಉಡಿ ಬಿಗಿಹಿಡಿದು ಓಡಿದಳು. ನೇರವಾಗಿ ಓಡಿದಳು. ಬಂಡೆ ಬಂದರೆ ಗುದ್ದಿದಳು, ಪ್ರಪಾತ ಬಂದರೆ ಹಾರಿದಳು. ಜಿಂಕೆ ನೀರು ಕುಡಿಯಲು ಬಾಯಿಟ್ಟರೆ, ಮೂತಿ ಉಳಿಸಿಕೊಳ್ಳುವುದೇ ಕಷ್ಟವಾಗುತ್ತಿತ್ತು.

ಇನ್ನೇನು ಬೆಟ್ಟ ಮುಗಿದು ಬಯಲು ಬರಬೇಕು, ಅಷ್ಟರಲ್ಲಿ ಗಾಳಿ ಎದುರಾಯಿತು.

"ಹೊಳೆವ್ವ, ನಿನಗೊಂದು ಕೆಲಸ ತಂದೀನಿ" ಎಂದಿತು ಗಾಳಿ. "ಕೆಳಗ ಬಯಲಾಗ ದುಂಡವ್ವ ಅಂತ ಒಬ್ಬಾಕಿ ಅದಾಳ. ಆಕಿ ಮಗಳು ತಂಗೆವ್ವನ್ನ ಇಲ್ಲೆ ಬೆಟ್ಟದ ಬುಡಕ್ಕ ಕೊಟ್ಟಾರ. ಚೊಚ್ಚಲ ಬಸುರಿ, ದಿನ ತುಂಬ್ಯಾವ. ಕರಿಯಾಕ ತವರಿನವರು ಬರಬೇಕಲ್ಲ? ದುಂಡವ್ವನ ಕಾಲಿಗೆ ಮುಳ್ಳು ನಟ್ಟು ಬಾವು ಬಂದೈತಿ. ತವರಿನ ಪರವಾಗಿ ನೀನ ಕರಕೊಂಡು ಬರಬೇಕಂತ."

"ಅಷ್ಟೇನ? ಒಂದು ಉಸಿರಿನ ದಾರಿ" ಎಂದಳು ಹೊಳೆ.

ತಂಗೆವ್ವನ ಅಂಗಳದ ಮುಂದೆ ಬಂದು ನಿಂತಳು. ನಿಂತಳು ಅಂದರೆ ಸುಳ್ಳಾಗುತ್ತದೆ, ನಿಲ್ಲುವುದು ಅವಳಿಗೆ ಬರುತ್ತಲೇ ಇರಲಿಲ್ಲ. ಅಲ್ಲೇ ಕುಣಿಯುತ್ತಾ, ಕುದಿಯುತ್ತಾ, ಸುತ್ತುತ್ತಾ ಇದ್ದಳು. ಅತ್ತೆ ತಂಗೆವ್ವನಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ತಲೆಯ ಮೇಲೆ ರೊಟ್ಟಿಯ ಗಂಟನ್ನಿಟ್ಟಳು. ಆಮೇಲೆ ಹೊಳೆಯ ಕಡೆ ತಿರುಗಿದಳು.

"ನೋಡವ್ವ, ಒಂದು ಮಾತು ನೆಪ್ಪಿರಲಿ. ಬಸುರಿ ಹೆಂಗಸು ಹೊಳಿ ದಾಟಬಾರದು. ಹರಿಯೂ ನೀರು ಕಾಲ ಕೆಳಗಿನ ನೆಲಾನೂ ಒಯ್ತೈತಿ. ನೀ ಬಲಕ್ಕಿರು, ಆಕಿ ದಂಡಿ ಹಿಡದು ಬರ್ತಾಳ."

"ಆಗಲಿ ಅತ್ತಿ" ಎಂದಳು ಹೊಳೆ. ಅಂದವಳೇ ಒಂದೇ ನೆಗೆತಕ್ಕೆ ಬಯಲಿಗೆ ಬಿದ್ದಳು.

ತಿರುಗಿ ನೋಡಿದರೆ ತಂಗೆವ್ವ ಇನ್ನೂ ಅಂಗಳದ ಬೇವಿನ ಮರವನ್ನೇ ದಾಟಿರಲಿಲ್ಲ.

"ಅಕ್ಕಾ, ಲಗೂನ ಬಾ. ನಿನಗ ಓಡಾಕ ಬರೂದಿಲ್ಲೇನು?"

"ಬರತೈತಿ ತಂಗಿ. ಆದ್ರ ಇವತ್ತ ನಾ ಒಬ್ಬಾಕೀನ ಅಲ್ಲಲ್ಲ. ನಿಧಾನ ಹೋಗೂಣು."

ಹೊಳೆ ಆ ಮಾತನ್ನು ಕೇಳಿಯೇ ಇರಲಿಲ್ಲ. "ನಿಧಾನ ಅಂದ್ರೇನು? ಓಡಾಕ ಆಗಲಾರದ್ದಕ್ಕ ನಿಧಾನ ಅಂತಾರೇನು?"

ತಂಗೆವ್ವ ನಕ್ಕಳು. ಬಸುರಿ ನಕ್ಕರೆ ಎರಡು ಜೀವ ಅಲುಗುತ್ತವೆ, ಅದಕ್ಕೆ ಹೊಟ್ಟೆ ಹಿಡಿದುಕೊಂಡೇ ನಕ್ಕಳು. "ಅಲ್ಲ ತಂಗಿ. ನಿಧಾನದಾಗೂ ಬ್ಯಾರೆ ಬ್ಯಾರೆ ಅದಾವ. ನಡಕೋತ ಹೇಳ್ತೀನಿ ಬಾ. ಕುಂತು ಹೇಳಿದ್ರ ತಿಳಿಯೂದಲ್ಲ ಅದು."

ಹೊಳೆಗೆ ಇದು ಶುದ್ಧ ಬೇಸರದ ಕೆಲಸ ಅನ್ನಿಸಿತು. ಆದರೆ ಕರೆಯಲು ಬಂದವಳು ಬಿಟ್ಟು ಹೋಗುವ ಹಾಗಿಲ್ಲ. ಹಲ್ಲು ಕಚ್ಚಿಕೊಂಡು ಓಟ ತಗ್ಗಿಸಿದಳು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದು ಟಿಟ್ಟಿಭ ಹಕ್ಕಿ ಕೂಗಿಕೊಂಡಿತು. ಅದರ ನಾಲ್ಕು ಮೊಟ್ಟೆ ಬರೀ ನೆಲದ ಮೇಲೆ, ಹೊಳೆಯ ದಾರಿಯಲ್ಲೇ ಇದ್ದವು.

"ಹಗೂರ, ತಂಗಿ" ಎಂದಳು ತಂಗೆವ್ವ. "ಇನ್ನೊಬ್ಬರ ನಿದ್ದಿ ಕೆಡದಂಗ ನಡಿಯೂದಕ್ಕ ಹಗೂರ ಅಂತಾರ."

ಹೊಳೆ ಉಸಿರು ಬಿಗಿಹಿಡಿದು, ಮೊಟ್ಟೆಗಳನ್ನು ಬಳಸಿಕೊಂಡು ಬಲಕ್ಕೆ ಹೊರಳಿದಳು. ಹುಟ್ಟಿದಾಗಿನಿಂದ ಅವಳು ಬಾಗಿದ್ದು ಅದೇ ಮೊದಲು. ಮೊಟ್ಟೆಗಳಿಗೆ ಒಂದು ಹನಿಯೂ ಸಿಡಿಯಲಿಲ್ಲ. ಟಿಟ್ಟಿಭ ಅನುಮಾನದಿಂದ ನಾಲ್ಕನ್ನೂ ಎಣಿಸಿ ನೋಡಿ ಕುಳಿತುಕೊಂಡಿತು.

ಮುಂದೆ ಎಡಗಡೆ ಒಂದು ಹುಣಸೆಮರ ಕಂಡಿತು. ತಂಗೆವ್ವನಿಗೆ ಬಾಯಲ್ಲಿ ನೀರೂರಿತು. ದಾರಿ ಬಿಟ್ಟು ಮರದ ಕಡೆ ನಡೆದಳು. ಅವಳಿಗೆ ಬಾಯಾರಿದರೆ ಯಾರು ನೀರು ಕೊಡುತ್ತಾರೆಂದು ಹೊಳೆಯೂ ಎಡಕ್ಕೆ ವಾಲಿದಳು.

"ಹೊತ್ತಾತಲ್ಲಕ್ಕಾ?"

"ಮರ ಎಲ್ಲಿ ಓಡಿಹೋಗತೈತಿ? ಸಾವಕಾಶ. ಸಾವಕಾಶ ಅಂದ್ರ ದಾರೀನೂ ನಮ್ಮದ, ಹೊತ್ತೂ ನಮ್ಮದ ಅಂತ ನಡಿಯೂದು." ತಂಗೆವ್ವ ಹುಣಸೆಕಾಯಿ ಕಚ್ಚಿ, ಕಣ್ಣು ಮುಚ್ಚಿ, ಹುಳಿಗೆ ಮುಖ ಕಿವುಚಿದಳು. ಹೊಳೆಗೂ ಒಂದು ತುಂಡು ಎಸೆದಳು. ಅಷ್ಟು ದೊಡ್ಡ ಹೊಳೆಯ ಮೈ ಒಂದು ಸಲ ಜುಮ್ಮೆಂದಿತು.

ಹಾಗೇ ಸಾವಕಾಶ ನಡೆಯುವಾಗ ಹೊಳೆಗೆ ಹೊಸ ಹೊಸ ಸಂಗತಿಗಳು ಕಾಣತೊಡಗಿದವು. ತನ್ನ ಮೈಯಲ್ಲಿ ಮೀನುಗಳಿವೆ ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಪಾಪ, ಅವು ಇಷ್ಟು ದಿನ ಕಲ್ಲು ಕಚ್ಚಿಕೊಂಡು ಬದುಕಿದ್ದವು. ಆಕಾಶ ಅವಳೊಳಗೆ ಬಂದು ಮಲಗಿತು. ಪಕ್ಕದಲ್ಲಿ ಹಸಿರು ಬಳೆಗಳು ಮೆಲ್ಲಗೆ ಸದ್ದು ಮಾಡುತ್ತಿದ್ದವು. ಆ ಸದ್ದು ಹೊಳೆಗೆ ಬಲು ಇಷ್ಟವಾಯಿತು, ತಂಗೆವ್ವನೂ ಇಷ್ಟವಾದಳು.

ಮಧ್ಯಾಹ್ನಕ್ಕೆ ತಂಗೆವ್ವ ಒಂದು ಕಲ್ಲಿನ ಹತ್ತಿರ ನಿಂತು, ತಲೆಯ ಮೇಲಿನ ಗಂಟನ್ನು ಎರಡೂ ಕೈಯಿಂದ ಹಿಡಿದು ಕೆಳಗಿಟ್ಟಳು.

"ನಿಂದ್ರೂದ್ಯಾಕ? ಓಡಕೋತ ಇಳಸಬಹುದಿತ್ತಲ್ಲ?" ಎಂದು ಹೊಳೆ ಕೇಳಿದಳು.

"ಓಡಕೋತ ಹೊರಬಹುದು ತಂಗಿ. ಇಳಸಬೇಕಂದ್ರ ನಿಂದ್ರಬೇಕು."

"ನಾ ಅಂತೂ ನನ್ನ ಉಡಿ ಇಳಸಂಗಿಲ್ಲ. ನಮ್ಮವ್ವ ಬ್ಯಾಡ ಅಂದಾಳ" ಎಂದು ಹೊಳೆ ಮರಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ನಿನ್ನ ತವರಿನದು ನಿನಗಿರಲಿ. ನಾ ಕೇಳಿದೆನೇನು?" ತಂಗೆವ್ವ ರೊಟ್ಟಿ ತಿಂದು, ಬೊಗಸೆ ನೀರು ಕುಡಿದು, ಕೈಯೂರಿ ಎದ್ದಳು.

ಆಮೇಲೆ ಅವಳ ಹೆಜ್ಜೆ ಇನ್ನೂ ಭಾರವಾಯಿತು. ಒಂದು ಕೈ ಸೊಂಟದ ಮೇಲೆ. ಎಡಕ್ಕೊಮ್ಮೆ ವಾಲುವಳು, ಬಲಕ್ಕೊಮ್ಮೆ ವಾಲುವಳು. ಜೊತೆಗಾತಿಯ ಹೆಜ್ಜೆ ನೋಡಿ ನೋಡಿ ಹೊಳೆಯೂ ಎಡಕ್ಕೊಮ್ಮೆ ವಾಲಿದಳು, ಬಲಕ್ಕೊಮ್ಮೆ ವಾಲಿದಳು.

"ಏನ ಹೊಳೆವ್ವ, ನಿನಗೂ ದಿನ ತುಂಬ್ಯಾವೇನು?" ಎಂದು ಗಾಳಿ ಚೇಷ್ಟೆ ಮಾಡಿತು.

"ನಿನ್ನ ಕೆಲಸ ನೋಡಕೋ ಹೋಗು" ಎಂದಳು ಹೊಳೆ.

ದುಂಡವ್ವನ ಮನೆಯ ಹೊಗೆ ಕಾಣುವಷ್ಟು ಹತ್ತಿರ ಬಂದಿದ್ದರು. ಅಷ್ಟರಲ್ಲಿ ತಂಗೆವ್ವ ಒಂದು ಬನ್ನಿಗಿಡವನ್ನು ತಬ್ಬಿಕೊಂಡು ನಿಂತುಬಿಟ್ಟಳು. ಮುಖ ಬೆವೆತಿತ್ತು.

"ತಂಗಿ, ಬ್ಯಾನಿ ಸುರು ಆತು."

ಹೊಳೆಗೆ ಕಲಿತದ್ದೆಲ್ಲಾ ಮರೆತುಹೋಯಿತು, ಬೆಟ್ಟದ ಓಟ ಮರಳಿ ಬಂತು. "ಅಂಜಬ್ಯಾಡಕ್ಕಾ, ದೌಡ ಹೋಗಿ ನಿಮ್ಮವ್ವನ ಕರಕೊಂಡು ಬರ್ತೀನಿ" ಎಂದವಳೇ, ತಂಗೆವ್ವನ ಮುಂದಿನಿಂದ ಎಡಕ್ಕೆ ಹೊರಳಿ, ಅಡ್ಡ ಹಾಯ್ದು, ದುಂಡವ್ವನ ಮನೆಯ ಕಡೆ ನೇರವಾಗಿ ನುಗ್ಗಿದಳು. "ತಡಿ ತಂಗಿ" ಎಂಬ ಮಾತು ಹಿಂದೆಯೇ ಉಳಿಯಿತು.

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಆಗಿನ್ನೂ ಹುಟ್ಟಿರಲಿಲ್ಲ. ಅವತ್ತೇ ಹುಟ್ಟಿರಬೇಕು.

ದುಂಡವ್ವ ಕೋಲೂರಿಕೊಂಡು ಹೊರಗೆ ಬಂದಳು. "ಎಲ್ಲಿ ನನ್ನ ಮಗಳು?"

"ಅಲ್ಲೆ ಅದಾಳ ದೊಡ್ಡವ್ವಾ, ಬನ್ನಿಗಿಡದ ಹತ್ರ" ಎಂದು ಹೊಳೆ ತೋರಿಸಿದಳು. ತೋರಿಸುವಾಗಲೇ ಅವಳಿಗೆ ಕಂಡಿತು. ತಾಯಿ ಈ ದಂಡೆ, ಮಗಳು ಆ ದಂಡೆ. ನಡುವೆ ಎದೆಮಟ್ಟ ನೀರು ಭೋರ್ಗರೆಯುತ್ತಿತ್ತು. ಆ ನೀರು ಬೇರೆ ಯಾರೂ ಅಲ್ಲ, ಅವಳೇ.

"ಇದೇನ ಮಾಡಿದಿ, ಯವ್ವಾ? ಬಸುರಿ ಹೊಳಿ ಹೆಂಗ ದಾಟಬೇಕು?" ಎಂದಳು ದುಂಡವ್ವ.

ಆಚೆ ದಂಡೆಯಲ್ಲಿ ತಂಗೆವ್ವ ಒಂದು ಕಾಲು ನೀರಿಗಿಟ್ಟಳು. ಕಾಲಡಿಯ ಮಣ್ಣು ಸರಕ್ಕನೆ ಜಾರಿತು. ಗಿಡ ಹಿಡಿದುಕೊಂಡು ಹಿಂದೆ ಸರಿದಳು. ಕಿರುಚಲಿಲ್ಲ, ತುಟಿ ಕಚ್ಚಿಕೊಂಡು ನೆಲದ ಮೇಲೆ ಕುಳಿತಳು.

"ನಾ ಹಿಂದಕ ಹೋಗ್ತೀನಿ" ಎಂದಳು ಹೊಳೆ. ಆದರೆ ಹಿಂದೆ ಹೋಗಲು ಅವಳಿಗೆ ಬರಲಿಲ್ಲ. ಗಾಳಿ ಮೈಯೆಲ್ಲಾ ಬಲ ಹಾಕಿ ತಳ್ಳಿತು. ನೀರಿನ ಮೇಲೆ ನಾಲ್ಕು ಸುಕ್ಕು ಬಿದ್ದವು, ಅಷ್ಟೇ. ಹೊಳೆಗೆ ಅಳು ಬಂತು. ಹೊಳೆ ಅತ್ತರೆ ನೀರು ಹೆಚ್ಚುತ್ತದೆಯೇ ಹೊರತು ಇಳಿಯುತ್ತದೆಯೇ? ಅಳುವುದನ್ನೂ ಬಿಟ್ಟಳು.

ಆಗ ಅವಳ ಕಣ್ಣು ತಂಗೆವ್ವನ ಪಕ್ಕದ ರೊಟ್ಟಿಗಂಟಿನ ಮೇಲೆ ಬಿತ್ತು. ಅದು ನೆಲದ ಮೇಲಿತ್ತು. ಓಡಕೋತ ಹೊರಬಹುದು, ಇಳಸಬೇಕಂದ್ರ ನಿಂದ್ರಬೇಕು.

ಹೊಳೆ ತನ್ನ ಉಡಿ ನೋಡಿಕೊಂಡಳು. ಹೊಂಬಣ್ಣದ ಮರಳು. ಅವ್ವ ಮೈ ತೇಯ್ದು ಕೊಟ್ಟದ್ದು. ಎಲ್ಲೂ ಇಳಸಬ್ಯಾಡ ಎಂದದ್ದು.

"ಗಾಳಿಯಣ್ಣಾ" ಎಂದು ಕರೆದಳು. "ನಮ್ಮವ್ವಗ ಒಂದು ಮಾತು ಮುಟ್ಟಿಸು. ಆಕಿ ಕೊಟ್ಟದ್ದು ಕಡಲಿನ ಮನಿಗೆ ಹೋಗಲಿಲ್ಲ, ದಾರ್ಯಾಗ ಬೇಕಾತು ಅಂತ ಹೇಳು."

ಮೊದಲು ಹಗೂರ ಆದಳು. ಆಮೇಲೆ ಸಾವಕಾಶ ಆದಳು. ಆಮೇಲೆ ಯಾರೂ ಕಲಿಸದ ಒಂದು ನಡೆಯನ್ನು ತಾನೇ ಕಲಿತಳು. ತಂಗೆವ್ವನ ಮುಂದೆ, ತಾನು ಅಡ್ಡ ಹಾಯ್ದ ಜಾಗದಲ್ಲೇ, ನಿಂತಳು.

ಹೊಳೆ ನಿಂತಕೂಡಲೇ ಮರಳು ಇಳಿಯತೊಡಗಿತು. ಒಂದು ಕಾಳು, ಹತ್ತು ಕಾಳು, ಹಿಡಿ, ಬೊಗಸೆ, ಮೊರ. ತಳ ಮೇಲೆ ಬಂತು. ಎದೆಮಟ್ಟ ಇದ್ದ ನೀರು ಸೊಂಟದ ಮಟ್ಟವಾಯಿತು, ಮೊಣಕಾಲಾಯಿತು, ಪಾದವಾಯಿತು. ಹಿಂದಿನಿಂದ ಬರುತ್ತಿದ್ದ ನೀರು ಇಲ್ಲಿ ದಾರಿ ಕಾಣದೆ ಬಲಕ್ಕೆ ಹೊರಳಿ, ದೊಡ್ಡದೊಂದು ಸುತ್ತು ಹಾಕಿಕೊಂಡು ಹೋಯಿತು. ಕೊನೆಗೆ ಬಿಸಿಲಿಗೆ ಹೊಳೆಯುವ ಮರಳಿನ ದಿಬ್ಬವೊಂದೇ ಉಳಿಯಿತು. ಬೆಟ್ಟದವ್ವ ಕೊಟ್ಟದ್ದೆಲ್ಲಾ ಮುಗಿದಿತ್ತು.

"ಏಳಕ್ಕಾ. ಒಣ ನೆಲ ಐತಿ. ಸಾವಕಾಶ ಬಾ" ಎಂದಳು ಹೊಳೆ, ಸುತ್ತಿನ ಆಚೆಯಿಂದ.

ತಂಗೆವ್ವ ಎದ್ದಳು. ಆ ಕಡೆಯಿಂದ ಅವಳು, ಈ ಕಡೆಯಿಂದ ಬಾತ ಕಾಲೆಳೆಯುತ್ತಾ ದುಂಡವ್ವ. ಮರಳಿನ ನಟ್ಟನಡುವೆ ತಾಯಿ ಮಗಳ ಕೈ ಹಿಡಿದಳು. ಒಬ್ಬರಿಗೊಬ್ಬರು ಆಸರೆಯಾಗಿ ಇಬ್ಬರೂ ಮನೆ ಸೇರಿದರು. ದೀಪ ಹಚ್ಚುವ ಮೊದಲೇ ಒಳಗಿನಿಂದ ಕೂಸಿನ ಅಳು ಕೇಳಿಸಿತು. ಹೆಣ್ಣುಕೂಸು.

ಹೊಳೆಯ ಹಳೆಯ ದಾರಿಯಲ್ಲಿ, ಮನೆಯ ಮುಂದೆ ಉಳಿದುಹೋಗಿದ್ದ ಒಂದು ಬಾಗು ನೀರು ಆ ಅಳುವನ್ನು ಕೇಳುತ್ತಾ ಅಲ್ಲೇ ನಿಂತುಬಿಟ್ಟಿತು. ಇನ್ನು ಮುಂದೆ ಹೋಗುವ ಮನಸ್ಸು ಅದಕ್ಕೆ ಬರಲೇ ಇಲ್ಲ.

ಅಷ್ಟರಲ್ಲಿ ಗಾಳಿ ಬೆಟ್ಟದಿಂದ ತಿರುಗಿ ಬಂತು. ಹೊಳೆ ಅಳುಕುತ್ತಾ ಕೇಳಿದಳು, "ನಮ್ಮವ್ವ ಏನಂದ್ಲು?"

"ಏನೂ ಅನ್ನಲಿಲ್ಲ" ಎಂದಿತು ಗಾಳಿ. "ಇನ್ನೊಂದು ಉಡಿ ತುಂಬಾಕ ಮತ್ತ ತೇಯಕೋತ ಕುಂತಾಳ."

ಹೊಳೆ ಆಗ ಮನಸಾರೆ ಅತ್ತಳು. ಈ ಸಲ ಯಾರಿಗೂ ತೊಂದರೆಯಾಗಲಿಲ್ಲ.

ಮರುವರ್ಷ ತಂಗೆವ್ವನ ಮಗಳು ತಪ್ಪು ಹೆಜ್ಜೆ ಇಡಲು ಕಲಿತದ್ದು ಆ ಮರಳಿನ ಮೇಲೆಯೇ. ಎರಡು ಹೆಜ್ಜೆ ಇಡುವಳು, ಬೀಳುವಳು. ಮರಳು ಮೆತ್ತಗಿತ್ತು, ಪೆಟ್ಟಾಗಲಿಲ್ಲ. ಹೊಳೆ ಪಕ್ಕದಲ್ಲೇ, ಕೂಸಿನ ಹೆಜ್ಜೆಗೆ ಹೆಜ್ಜೆ ಹಾಕುತ್ತಾ, ಯಾವ ಅವಸರವೂ ಇಲ್ಲದೆ ನಡೆದಳು.

ಇವತ್ತಿಗೂ ಬೆಟ್ಟದಲ್ಲಿ ಅವಳು ಓಡುತ್ತಾಳೆ, ಅದು ತವರುಮನೆಯ ಸಲಿಗೆ. ಬಯಲಿಗೆ ಇಳಿದೊಡನೆ, ಅಡ್ಡ ಏನೂ ಇಲ್ಲದಿದ್ದರೂ, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಾ ನಡೆಯುತ್ತಾಳೆ. ನೀನು ಹೊಳೆದಂಡೆಗೆ ಹೋದಾಗ ನೋಡು, ಪ್ರತಿ ತಿರುವಿನಲ್ಲೂ ಅವಳು ಒಂದಿಷ್ಟು ಮರಳು ಇಳಿಸಿ, ಹಿಂದೆ ಯಾರಾದರೂ ಉಳಿದರೇನೋ ಎಂದು ಒಂದು ಗಳಿಗೆ ತಡೆದು, ಆಮೇಲೆಯೇ ಮುಂದಕ್ಕೆ ಹೋಗುತ್ತಾಳೆ.