ಹಣೆ ಮೇಲೆ ಹೆಸರಿದ್ದ ಲಾರಿ

ಎಲೆಅಡಿಕೆ ಹಾಕ್ಕೊಳ್ಳೋರು ಈಗಲೇ ಹಾಕ್ಕೊಂಡುಬಿಡಿ. ನಡುವೆ ಎದ್ದು ಹೋದೋರಿಗೆ ನಾನು ಮತ್ತೆ ಮೊದಲಿಂದ ಹೇಳೋನಲ್ಲ.

ಹೆದ್ದಾರಿ ಪಕ್ಕದಲ್ಲಿ ಕಟ್ಟೆಹೊಸಳ್ಳಿ ಅಂತ ಒಂದೂರು. ಅಲ್ಲಿ ಈರಕ್ಕ ಅಂತ ಒಬ್ಬಳು. ಅವಳಿಗೆ ಇದ್ದದ್ದು ಎರಡೇ. ಒಂದು ಲಾರಿ, ಒಬ್ಬ ಮಗ. ಲಾರಿ ಗಂಡ ಸಾಯುವಾಗ ಬಿಟ್ಟು ಹೋದದ್ದು. ಎಲ್ಲರೂ ಲಾರಿ ಹಣೆ ಮೇಲೆ ದೇವರ ಹೆಸರು ಬರೆಸಿದರೆ, ಆ ಪುಣ್ಯಾತ್ಮ ನಗೋರು ನಗಲಿ ಅಂತ ಹಳದಿ ಅಕ್ಷರದಲ್ಲಿ 'ಈರಕ್ಕ' ಅಂತ ಹೆಂಡತಿ ಹೆಸರು ಬರೆಸಿದ್ದ. ಮಗನ ಹೆಸರು ಜುಂಜ. ಸ್ಟೇರಿಂಗ್ ಹಿಡಿದರೆ ಸಂದಿಗೊಂದಿಲೆಲ್ಲ ನುಗ್ಗಿಸಿಕೊಂಡು ಬರ್ತಿದ್ದ. ತಲೆ ಮಾತ್ರ ಯಾವಾಗಲೂ ನ್ಯೂಟ್ರಲ್. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದೇ ನೋಡಿ ತೊಂದರೆ!

ಈರಕ್ಕನ ಮೈದುನ ರಂಗಧಾಮನಿಗೆ ಆ ಲಾರಿ ಮೇಲೆ ಕಣ್ಣು. ಊರ ಯಜಮಾನ ಕೆಂಚಪ್ಪನ ಮುಂದೆ ನ್ಯಾಯ ತಂದ. "ಲಾರಿ ತರುವಾಗ ಅಣ್ಣನಿಗೆ ನಾನೂ ಹೆಗಲು ಕೊಟ್ಟೋನು. ಈ ಪೆದ್ದನ ಕೈಲಿದ್ದರೆ ಅದು ಗುಜರಿ ಸೇರ್ತದೆ ಯಜಮಾನ್ರೇ!"

"ಓದಿಸ್ತೀನಿ. ಕಲೀತಾನೆ," ಅಂದಳು ಈರಕ್ಕ.

ಪೇಟೆ ಯೂನಿವರ್ಸಿಟಿಲಿ ಸರಕು ಸಾಗಣೆ ಕಲಿಸೋ ಕೋರ್ಸೊಂದು ಹೊಸದಾಗಿ ಶುರುವಾಗಿತ್ತು. ಸೇರೋರೇ ಇಲ್ಲದೆ ಬಾಗಿಲು ತೆಕ್ಕೊಂಡು ಕೂತಿತ್ತು. ಇಲ್ಲದಿದ್ದರೆ ನಮ್ಮ ಜುಂಜನಿಗೆ ಸೀಟು ಎಲ್ಲಿಂದ ಬರಬೇಕು!

ಕೆಂಚಪ್ಪ ಮೀಸೆ ತೀಡಿ ತೀರ್ಮಾನ ಹೇಳಿದ. "ಕೋರ್ಸು ಮುಗಿಯೋದ್ರೊಳಗೆ ಇವನು ಒಂದೇ ಒಂದು ಲೋಡು, ಕೊಟ್ಟಿದ್ದು ಕೊಟ್ಟಂಗೆ, ಸೇರಬೇಕಾದ ಬಾಗಿಲಿಗೆ ಮುಟ್ಟಿಸಲಿ. ಲಾರಿ ತಾಯಿ ಮಗನದ್ದು. ಮುಟ್ಟಿಸದಿದ್ರೆ ರಂಗಧಾಮನ ಶೆಡ್ಡಿಗೆ."

ಒಂದೇ ಲೋಡು, ಅದೇನು ಮಹಾ ಅಂತೀರಾ? ಕೇಳಿ.

ಮೊದಲನೇ ದಿನ ಪಂಚಾಕ್ಷರಿ ಮೇಷ್ಟ್ರು ಬೋರ್ಡಿನ ಮೇಲೆ ಲಾರಿ ಚಿತ್ರ ಬರೆದು ಪಾಠ ಹೇಳಿದರು. "ಲಾರಿ ಹೋಗುವಾಗ ತುಂಬಿರಬೇಕು, ಬರುವಾಗಲೂ ತುಂಬಿರಬೇಕು. ಖಾಲಿ ಲಾರಿ ತರೋನು ಮೂರ್ಖ!"

"ಅಷ್ಟೇನಾ ಸಾರ್? ಆಗಲಿ ಬಿಡಿ ಸಾರ್," ಅಂದ ಜುಂಜ.

ಕೆಂಚಪ್ಪನ ಹೊಲದ ಈರುಳ್ಳಿ ತುಂಬಿಕೊಂಡು ಮಂಡಿಗೆ ಹೋದ. ಸಂಜೆ ಲಾರಿ ಬಂತು. ಮಗ ಗೆದ್ದು ಬಂದ ಅಂತ ಈರಕ್ಕ ಆರತಿ ತಟ್ಟೆ ಹಿಡ್ಕೊಂಡು ಓಡಿ ಬಂದಳು. ನೋಡ್ತಾಳೆ, ಲಾರಿ ತುಂಬ ಈರುಳ್ಳಿ!

"ಯಾಕ್ಲಾ? ಮಂಡಿ ಬಾಗಿಲು ಹಾಕಿತ್ತಾ?"

"ಇಲ್ಲ ಕಣವ್ವ, ಇಳಿಸಿದೆ. ಬರೋಕೆ ಬೇರೆ ಲೋಡು ಸಿಗಲಿಲ್ಲ. ಖಾಲಿ ಬರಬಾರದಲ್ಲ, ಅದಕ್ಕೆ ಇದನ್ನೇ ಮತ್ತೆ ಏರಿಸಿಕೊಂಡು ಬಂದೆ!"

"ಅಯ್ಯೋ ಮಂಕುದಿಣ್ಣೆ!" ಈರಕ್ಕ ಹಣೆ ಚಚ್ಚಿಕೊಂಡಳು. "ಹೋಗು, ಮೇಷ್ಟ್ರನ್ನ ಸರಿಯಾಗಿ ಕೇಳ್ಕೊಂಡು ಬಾ ಹೋಗು!"

ಮೇಷ್ಟ್ರು ಕೇಳಿ ಕನ್ನಡಕ ತೆಗೆದರು. "ಲೋ ಜುಂಜ! ಇಳಿಸಿದ್ದನ್ನ ಮತ್ತೆ ಮುಟ್ಟಬಾರದು ಕಣೋ! ಮೊದಲು ಏರಿಸೋ ಕ್ರಮ ಕಲಿ. ಭಾರದ್ದು ಅಡಿಗೆ, ಹಗುರದ್ದು ಮೇಲಕ್ಕೆ. ಆಮೇಲೆ ಹಗ್ಗ ಹಾಕಿ ಬಿಗಿ!"

"ಅಷ್ಟೇನಾ ಸಾರ್? ಆಗಲಿ ಬಿಡಿ ಸಾರ್."

ಆ ವಾರ ಕೆಂಚಪ್ಪನ ಮೊಮ್ಮಗಳ ಮದುವೆ. ದಿಬ್ಬಣ ಹೋಗೋಕೆ ಇದೇ ಲಾರಿ. ಜುಂಜ ಬಾಗಿಲಲ್ಲಿ ನಿಂತು ಬಂದೋರನ್ನೆಲ್ಲ ಸೊಂಟ ಹಿಡಿದು ಒಂದೊಂದು ಸಲ ಎತ್ತಿ ನೋಡಿದ. "ಹೂಂ, ನೀವು ನಡುವೆ. ಹೂಂ, ನೀವು ಮೇಲೆ." ಕೆಂಚಪ್ಪನ್ನ ಎತ್ತೋಕೇ ಆಗಲಿಲ್ಲ. "ಯಜಮಾನ್ರೇ, ನೀವು ಅಡಿಗೆ! ಯೂನಿವರ್ಸಿಟಿ ಕ್ರಮ ಇದು!" ಓದೋ ಹುಡುಗ ಹೇಳ್ತಾನಲ್ಲ ಅಂತ ಆ ದೊಡ್ಡ ಮನುಷ್ಯ ಅಂಗಾತ ಮಲಗಿಯೂ ಬಿಟ್ಟ! ಅವನ ಮೇಲೆ ಅವನ ತಮ್ಮ, ತಮ್ಮನ ಮೇಲೆ ಅಡುಗೆ ಭಟ್ಟ, ಭಟ್ಟನ ಮೇಲೆ ಓಲಗದೋನು, ಎಲ್ಲಕ್ಕಿಂತ ಮೇಲೆ ಬಾಸಿಂಗ ಕಟ್ಟಿದ ಮದುಮಗಳು. ಜುಂಜ ಹಗ್ಗ ಎಸೆದು ಎಳೆದು ಬಿಗಿದ ನೋಡಿ!

"ಲೇ! ಉಸಿರು! ಉಸಿರು ಕಣ್ಲಾ!" ಅಂತ ಅಡಿಯಿಂದ ಕೆಂಚಪ್ಪನ ಕೂಗು.

ಮದುವೆ ಏನೋ ಆಯ್ತು. ಆದರೆ ದಿಬ್ಬಣ ನಡ್ಕೊಂಡು ಹೋಯ್ತು. ರಂಗಧಾಮ ಅವತ್ತೇ ಶೆಡ್ಡು ಗುಡಿಸೋಕೆ ಶುರುಮಾಡಿದ.

"ಜನ ಅಂದ್ರೆ ಮೂಟೆ ಏನೋ?" ಅಂತ ಮೇಷ್ಟ್ರು ಕೂಗಾಡಿದರು. "ದೂರ ಹೋಗೋರನ್ನ ಕಟ್ಟಿ ಹಾಕ್ತಾರೇನೋ? ದಾರೀಲಿ ನೆರಳು ಸಿಕ್ಕ ಕಡೆ ನಿಲ್ಲಿಸಿ, ಬಾಯಾರಿದೆಯಾ ಅಂತ ಕೇಳಿ, ನೀರು ಕೊಟ್ಟು ಕರ್ಕೊಂಡು ಹೋಗಬೇಕು!"

"ಅಷ್ಟೇನಾ ಸಾರ್? ಆಗಲಿ ಬಿಡಿ ಸಾರ್."

ಮುಂದಿನ ಲೋಡು, ಊರ ಶಾಲೆ ಕಟ್ಟೋಕೆ ಸಿಮೆಂಟು. ಜುಂಜ ನೆರಳು ಸಿಕ್ಕ ಕಡೆಯೆಲ್ಲ ನಿಲ್ಲಿಸಿದ. "ಬಾಯಾರಿದೆಯಾ?" ಅಂತ ಚೀಲಗಳನ್ನ ಕೇಳಿದ. ಅವು ಸುಮ್ಮನಿದ್ದವು. ಪಾಪ, ಸಂಕೋಚ ಅಂದ್ಕೊಂಡ. ಒಂದೊಂದರ ಬಾಯಿ ಬಿಚ್ಚಿ ಕೊಡಗಟ್ಟಲೆ ಹೊಯ್ದ.

"ಹೆಂಗೆ ಕುಡಿದವು ಗೊತ್ತಾ ಅವ್ವ! ಗಟಗಟ ಅಂತ! ಎಷ್ಟು ಬಾಯಾರಿತ್ತೋ ಏನೋ!" ಅಂತ ಆಮೇಲೆ ಈರಕ್ಕನ ಮುಂದೆ ಹೇಳಿಕೊಂಡ.

ಶಾಲೆ ಮುಂದೆ ಇಳಿಸೋಕೆ ಹೋದರೆ ಒಂದೊಂದು ಚೀಲವೂ ಒಂದೊಂದು ಬಂಡೆ. ಇವತ್ತಿಗೂ ಆ ಊರ ಮಕ್ಕಳು ಅದರ ಮೇಲೇ ಕೂತು ಬುತ್ತಿ ತಿಂತವೆ.

"ಸರಕಿಗೆ ನೀರು ಸೋಕಿಸಬಾರದು!" ಮೇಷ್ಟ್ರ ಗಂಟಲು ಒಡೆದಿತ್ತು. "ಒಂದು ಹನಿ, ಒಂದೇ ಒಂದು ಹನಿ ಸೋಕಿಸಬಾರದು!"

"ಅಷ್ಟೇನಾ ಸಾರ್? ಆಗಲಿ ಬಿಡಿ ಸಾರ್."

ಆಮೇಲಿನ ಲೋಡು ಏನು ಗೊತ್ತಾ? ಕೆರೆಗೆ ಬಿಡೋಕೆ ಮೀನುಮರಿ! ಡ್ರಮ್ಮುಗಳಲ್ಲಿದ್ದ ನೀರನ್ನೆಲ್ಲ ದಾರೀಲೇ ಚೆಲ್ಲಿ, ಟವಲಿನಲ್ಲಿ ಒಂದೊಂದೇ ಮರಿ ಒರೆಸಿಕೊಂಡು ತಂದ. ಕೆರೆಗೆ ಬೀಳಬೇಕಾದದ್ದು ಬಾಣಲೆಗೆ ಬಿತ್ತು. ಇನ್ನೇನು ಹೇಳಲಿ.

ಮೇಷ್ಟ್ರು ಈ ಸಲ ಕೂಗಲಿಲ್ಲ. ಕುರ್ಚಿ ಎಳೆದು ಜುಂಜನ ಪಕ್ಕ ಕೂತರು. "ಮಗಾ, ನಾಳೆಗೆ ಕೋರ್ಸು ಮುಗೀತದೆ. ಇನ್ನು ನೀನು ಏನೂ ಯೋಚನೆ ಮಾಡಬೇಡ. ಸರಕಿನ ಮೇಲೆ ಯಾರ ಹೆಸರು ಬರೆದಿದೆ ಅಂತ ನೋಡು. ಆ ಹೆಸರಿನೋರ ಬಾಗಿಲಿಗೆ ಮುಟ್ಟಿಸು. ಬೇರೆ ಯಾರು ಕೇಳಿದರೂ ಕೊಡಬೇಡ."

"ಅಷ್ಟೇನಾ ಸಾರ್? ಆಗಲಿ ಬಿಡಿ ಸಾರ್."

ಮಾರನೇ ದಿನ ರಂಗಧಾಮ ಹೇಳಿ ಕಳಿಸಿದ. ಇವತ್ತಿಗೆ ಕೋರ್ಸು ಮುಗೀತದೆ, ಲೋಡು ಒಂದೂ ಮುಟ್ಟಲಿಲ್ಲ, ಲಾರಿ ಕಳಿಸಿ ಅಂತ. ಈರಕ್ಕ ಏನು ಮಾಡ್ತಾಳೆ? ಲಾರಿ ತೊಳೆದಳು. ಅರಿಶಿನ ಕುಂಕುಮ ಇಟ್ಟಳು. ಗಂಡ ಬರೆಸಿದ ಆ ಹಳದಿ ಅಕ್ಷರದ ಮೇಲೆ ಕೈಯಾಡಿಸಿ ಬಿಕ್ಕಿ ಬಿಕ್ಕಿ ಅತ್ತಳು.

"ಹೋಗು ಮಗಾ. ಚಿಕ್ಕಪ್ಪನ ಶೆಡ್ಡಿಗೆ ಬಿಟ್ಟು ಬಾ," ಅಂದು ಒಳಗೆ ಹೋಗಿ ಬಾಗಿಲು ಹಾಕ್ಕೊಂಡಳು.

ಜುಂಜ ಹೋದ. ರಂಗಧಾಮ ಹಿಗ್ಗಿ ಹೀರೇಕಾಯಾಗಿ ಗೇಟು ತೆಗೆದ. ಹಲಗೆ ಗಟ್ಟಿ ಇದೆಯಾ ನೋಡೋಣ ಅಂತ ಲಾರಿ ಹಿಂದಕ್ಕೆ ಹತ್ತಿದ. ಜುಂಜ ಮುಂದೆ ನಿಂತು ಹಣೆ ನೋಡಿದ. ಅಕ್ಷರ ಕೂಡಿಸಿ ಕೂಡಿಸಿ ಓದಿದ.

"ಚಿಕ್ಕಪ್ಪಾ, ನಿನ್ನ ಹೆಸರು ಈರಕ್ಕನಾ?"

"ತಲೆ ಕೆಟ್ಟಿದೆಯಾ? ನಾನು ರಂಗಧಾಮ ಕಣ್ಲಾ!"

"ಹಂಗಾದ್ರೆ ಕೊಡೋ ಹಂಗಿಲ್ಲ!" ಅಂದೋನೇ ಲಾರಿ ತಿರುಗಿಸಿದ.

"ನಿಲ್ಲಿಸೋ! ನಿಲ್ಲಿಸೋ!" ಚಿಕ್ಕಪ್ಪ ಕುಳ್ಳ, ಹಲಗೆ ಎತ್ತರ. ಹಾರೋಕೆ ಧೈರ್ಯ ಸಾಲದು. ಜುಂಜ ಹುಣಸೆಮರದ ನೆರಳಲ್ಲಿ ನಿಲ್ಲಿಸಿದ. "ಬಾಯಾರಿದೆಯಾ ಚಿಕ್ಕಪ್ಪ?" ಅಂತ ಕೇಳಿ ಚೊಂಬಿನಲ್ಲಿ ನೀರು ಮೇಲಕ್ಕೆ ಕೊಟ್ಟ. ಮತ್ತೆ ಹೊರಟ.

ಲಾರಿ ಸದ್ದು ಕೇಳಿ ಈರಕ್ಕ ಬಾಗಿಲು ತೆಗೆದಳು. ಊರೇ ಬಂದು ಸೇರಿತು.

"ಅಯ್ಯೋ ಪೆದ್ದ! ಬಿಟ್ಟು ಬಾ ಅಂದ್ರೆ ವಾಪಸ್ ತಂದೆಯಲ್ಲೋ!"

"ಹೆಸರು ನಿಂದೇ ಬರೆದೈತಲ್ಲವ್ವ! ನಿನ್ನ ಬಾಗಿಲಿಗೇ ಮುಟ್ಟಿಸಿದೀನಿ. ಖಾಲಿ ಬರಬಾರದಲ್ಲ, ಅದಕ್ಕೆ ಚಿಕ್ಕಪ್ಪನ್ನೂ ಹಾಕ್ಕೊಂಡು ಬಂದೆ."

ಕೆಂಚಪ್ಪ ಪಕ್ಕೆ ಹಿಡ್ಕೊಂಡು ನಗೋಕೆ ಶುರುಮಾಡಿದ. ಅವನ ಪಕ್ಕೆ ದಿಬ್ಬಣದ ದಿನದಿಂದ ನೋಯ್ತಿತ್ತು ಪಾಪ. "ಇವತ್ತು ಲಾರೀನೇ ಲೋಡು! ಕೊಟ್ಟಿದ್ದು ಕೊಟ್ಟಂಗೇ ಬಂದಿದೆ. ಹೆಸರಿದ್ದ ಬಾಗಿಲಿಗೇ ಬಂದಿದೆ. ನಾನು ಆಡಿದ ಮಾತು ಆಡಿದ್ದೇ. ಲಾರಿ ಈರಕ್ಕನದು!"

ಈರಕ್ಕ ನಗ್ತಾಳೋ ಅಳ್ತಾಳೋ ಗೊತ್ತಾಗಲಿಲ್ಲ. ಮಗನ ಕೆನ್ನೆಗೆ ಒಂದು ಬಿಟ್ಟು, ಅದೇ ಕೆನ್ನೆ ಸವರಿದಳು.

"ನನ್ನ ಇಳಿಸ್ರೋ!" ರಂಗಧಾಮ ಮೇಲಿಂದ ಕೂಗಿದ.

"ಅದಾಗಲ್ಲ," ಅಂದ ಜುಂಜ. "ಇವನ ಮೇಲೆ ಯಾರ ಹೆಸರೂ ಇಲ್ಲ. ಯಾರ ಬಾಗಿಲಿಗೆ ಇಳಿಸಲಿ?"

ಈರಕ್ಕ ಒಳಗಿಂದ ಸೀಮೆಸುಣ್ಣ ತಂದಳು. ಲಾರಿ ಹತ್ತಿ, ಮೈದುನನ ಅಂಗಿ ಬೆನ್ನ ಮೇಲೆ ಅವನ ಹೆಂಡತಿ ಹೆಸರು 'ತಿಮ್ಮಕ್ಕ' ಅಂತ ದಪ್ಪಗೆ ಬರೆದು ಇಳಿದಳು. "ಈಗ ತಗೊಂಡು ಹೋಗಪ್ಪ."

ಜುಂಜ ತಗೊಂಡು ಹೋದ. ತಿಮ್ಮಕ್ಕನ ಬಾಗಿಲಲ್ಲಿ ಚಿಕ್ಕಪ್ಪನ್ನ ಕೊಟ್ಟಿದ್ದು ಕೊಟ್ಟಂಗೇ ಇಳಿಸಿದ. ಒಂದು ಹನಿ ನೀರು ಸೋಕಿಸಲಿಲ್ಲ. ಸಂಜೆಗೆ ಲಾರಿ ಮನೆಗೆ ಬಂತು.

ಖಾಲಿ ಬರಬಾರದಲ್ಲ! ಹಿಂದೆ ತಿಮ್ಮಕ್ಕ ಕೂತಿದ್ದಳು.