ಕಡ್ಡಿಮೂಗಮ್ಮನ ಗುಡ್ಡಕ್ಕೆ ಆ ಹೆಸರು ಬಂದ ಬಗೆ

ಸೂಲದಹಟ್ಟಿಯಲ್ಲಿ ಬಸ್ಸಿಳಿದು ಬಡಗಣ ದಿಕ್ಕಿಗೆ ತಿರುಗಿದರೆ ಕರಿಬಂಡೆಯ ಗುಡ್ಡವೊಂದು ಕಾಣುತ್ತದೆ. ಈಗ ತುದಿಯವರೆಗೂ ಸಿಮೆಂಟಿನ ಮೆಟ್ಟಿಲುಗಳಿವೆ, ಕಬ್ಬಿಣದ ಕಂಬಿಯಿದೆ. ನನ್ನಂಥ ನಿವೃತ್ತರು ಕೂತು ಹರಟಲೆಂದೇ ಕಟ್ಟಿಸಿದಂಥ ಜಗಲಿಯೂ ಇದೆ. ಮೇಲೆ ಅಮ್ಮನ ಆಳೆತ್ತರದ ಗುಡಿ. ಕಾಗದಪತ್ರಗಳಲ್ಲಿ ಇದು ಹೊನ್ನಮ್ಮನ ಗುಡ್ಡ. ಹಾಗೆಂದು ಕೇಳಿ ನೋಡಿ, ದಾರಿ ತೋರಿಸುವವರು ಒಬ್ಬರೂ ಸಿಗುವುದಿಲ್ಲ. ಕಡ್ಡಿಮೂಗಮ್ಮ ಎನ್ನಬೇಕು.

ಹಿಂದೆ ಒಮ್ಮೆ, ಅಮ್ಮನ ಮೂಗಿನಲ್ಲಿ ಹೊನ್ನಿನ ನತ್ತು ಹೊಳೆಯುತ್ತಿದ್ದ ಕಾಲದಲ್ಲಿ, ಹಟ್ಟಿಯ ಯಜಮಾನ ಬೊಮ್ಮಣ್ಣನಿಗೆ ಪಾಲವ್ವ ಎಂಬ ಮಗಳಿದ್ದಳು ಎನ್ನುತ್ತಾರೆ. ಮದುವೆ ಗೊತ್ತಾಯಿತು. ಬೀಗರ ಮುಂದೆ ಮಗಳು ಬರಿಮೂಗಿನಲ್ಲಿ ನಿಲ್ಲಬಾರದೆಂದು ಅಕ್ಕಸಾಲಿ ಕಾಳಾಚಾರಿಯನ್ನು ಕರೆಸಿ ಮೂಗು ಚುಚ್ಚಿಸಿದ. ಹಸಿಗಾಯಕ್ಕೆ ತೆಳ್ಳನೆಯ ಚಿನ್ನದ ತಂತಿ ಸಾಕೆಂದು ಆಚಾರಿ ಹೇಳಿದರೂ ಯಜಮಾನ ಒಪ್ಪಲಿಲ್ಲ. ಅವನು ಆರಿಸಿದ್ದು ತುಟಿ ಮುಚ್ಚುವಷ್ಟು ದೊಡ್ಡ ನತ್ತು. ಗಟ್ಟಿ ಬರಲೆಂದು ತಾಮ್ರವನ್ನು ಧಾರಾಳವಾಗಿ ಬೆರೆಸಿದ್ದು. ಅದನ್ನು ಗುಡ್ಡಕ್ಕೆ ಒಯ್ದು, ಅಮ್ಮನ ಮೂಗಿಗೆ ಮುಟ್ಟಿಸಿ ತಂದು ಮಗಳಿಗೆ ಹಾಕಿಸಿದ. ಎಡವಟ್ಟಾದದ್ದು ಇಲ್ಲೇ. ಅಮ್ಮನಿಗೆ ಮುಟ್ಟಿಸಿದ ಒಡವೆಯನ್ನು ಅವಳು ಹೂ ಕೊಡದೆ ಮೈಯಿಂದ ತೆಗೆಯುವಂತಿಲ್ಲ. ವಿಗ್ರಹದ ಬಲಭುಜದ ಮೇಲಿಟ್ಟ ಹೂ ತಾನಾಗಿ ಉದುರಿದರೆ ಅಪ್ಪಣೆ, ಉದುರದಿದ್ದರೆ ಇಲ್ಲ.

ನೋಡಲು ಬಂದ ಹೆಂಗಸರೆಲ್ಲ ಕೆಲಸದ ಕೈಯಲ್ಲೇ ನತ್ತನ್ನು ಹಿಡಿದು, ತಿರುಗಿಸಿ, ಹೊಗಳಿ ಹೋದರು. ಮೂಗು ಮೊದಲು ಕೆಂಪಾಯಿತು, ಆಮೇಲೆ ಊದಿಕೊಂಡಿತು, ಕೊನೆಗೆ ಊತ ಏರಿ ಒಂದು ಕಣ್ಣು ಮುಚ್ಚಿಹೋಯಿತು. ಜ್ವರದಲ್ಲಿ ಹುಡುಗಿ ಗುರುತು ಸಿಗದ ದನಿಯಲ್ಲಿ ಮಾತಾಡತೊಡಗಿದಳು. ಪೂಜಾರಿ ಹೂವಿಟ್ಟು ಕೇಳಿದ, ಬೀಳಲಿಲ್ಲ. ಮತ್ತೆ ಮತ್ತೆ ಕೇಳಿದರೂ ಹೂ ಅಲುಗಲಿಲ್ಲ. ಅಮ್ಮ ಒಡವೆಯನ್ನಲ್ಲ, ಹುಡುಗಿಯನ್ನೇ ಕೇಳುತ್ತಿದ್ದಾಳೆಂಬ ಪಿಸುಮಾತು ಹಟ್ಟಿಯೆಲ್ಲ ಹಬ್ಬಿತು. ಹೆಂಗಸರು ತಮ್ಮ ಮೂಗುಬೊಟ್ಟು ಗುಡ್ಡಕ್ಕೆ ಕಾಣದಂತೆ ಸೆರಗು ಮುಚ್ಚಿ ಓಡಾಡಿದರು.

ಬೊಮ್ಮಣ್ಣನ ತಾಯಿ ತಿಪ್ಪಜ್ಜಿ ಮೊಮ್ಮಗಳ ಮುಖ ನೋಡಿ ನತ್ತಿಗೆ ಕೈ ಹಾಕಿದಳು. ಮಗ ಅಡ್ಡ ಬಂದ.

"ಅವ್ವಾ, ಅಮ್ಮ ಹೂ ಕೊಟ್ಟಿಲ್ಲ."

"ಹೂ ಕೊಡ್ಲಿಲ್ಲ ಅಂತ ಹುಡುಗೀನೇ ಕೊಟ್ಟುಬಿಡ್ತೀಯೇನಲಾ?"

ಅಷ್ಟರಲ್ಲಿ ಪಾಲವ್ವನೇ ಎರಡೂ ಕೈಯಲ್ಲಿ ಮೂಗು ಮುಚ್ಚಿಕೊಂಡಳು. "ಬ್ಯಾಡ ಅಜ್ಜಿ, ಅಮ್ಮ ಇನ್ನೊಂದು ಕಣ್ಣೂ ಮುಚ್ಚಿಸ್ತಾಳೆ."

ಅಜ್ಜಿ ಬೇವಿನ ಎಳೆಕಡ್ಡಿ ಮುರಿದುಕೊಂಡು ಉರಿಬಿಸಿಲಿನಲ್ಲಿ ಒಬ್ಬಳೇ ಗುಡ್ಡ ಹತ್ತಿದಳು. ಹಟ್ಟಿಯೆಲ್ಲ ಕೆಳಗೆ ನಿಂತು ನೋಡಿತು. ಅವಳು ಗುಡಿಯ ಒಳಗೆ ಹೋದದ್ದು ಕಂಡಿತು. ಬಹಳ ಹೊತ್ತು ಹೊರಗೆ ಬಂದದ್ದು ಕಾಣಲಿಲ್ಲ. ಕೊನೆಗೆ ಇಳಿದು ಬಂದವಳ ಸೆರಗಿನ ಗಂಟಿನಲ್ಲಿ ಅಮ್ಮನ ಹೊನ್ನಿನ ನತ್ತಿತ್ತು. ಜನ ಅವಳ ದಾರಿಯಿಂದ ಹಿಂದೆ ಸರಿದರು.

"ಅಮ್ಮನ ಮೂಗಲ್ಲೂ ಈಗ ಬೇವಿನ ಕಡ್ಡಿನೇ ಐತೆ ಕಣೆ ತಾಯಿ," ಎಂದಳು ಮೊಮ್ಮಗಳಿಗೆ. "ಪಾಪ ಬಂದ್ರೆ ನನಗೆ ಬರ್ಲಿ. ಕೈ ತೆಗಿ." ಆಮೇಲೆ ಆಚಾರಿಯತ್ತ ತಿರುಗಿ, "ಕೊಂಡಿ ಬಿಚ್ಚಪ್ಪ," ಎಂದಳು.

ಕಾಳಾಚಾರಿ ಮೂಲೆ ಹಿಡಿದ. "ನನ್ನ ಕೈ ಸೇದಿಹೋದ್ರೆ ಏನ್ ಗತಿ ಅಜ್ಜಿ?"

"ಈ ಕೂಸು ಸತ್ರೆ ಆ ಕೈಯಲ್ಲಿ ಯಾರ ಮೂಗು ಚುಚ್ತೀಯ?"

ಆಚಾರಿ ಬಿಚ್ಚಿ ತೆಗೆದ ನತ್ತಿನ ಹಿಂದೆಯೇ ಕೀವು, ರಕ್ತ ಹರಿಯಿತು. ಅಜ್ಜಿ ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಕೈ ತೊಳೆದು, ಗಾಯ ತೊಳೆದು, ತೂತು ಮುಚ್ಚದಂತೆ ಬೇವಿನ ಕಡ್ಡಿ ತೂರಿಸಿದಳು. ಇನ್ನು ಯಾರೂ ಮುಟ್ಟಬಾರದೆಂದು ಬಾಗಿಲಲ್ಲೇ ಕೂತಳು. ಅಂದು ಹಟ್ಟಿಯಲ್ಲಿ ಒಲೆ ಹೊತ್ತಲಿಲ್ಲವಂತೆ. ಬಂಡೆ ಉರುಳುತ್ತದೆ, ಅಜ್ಜಿ ರಕ್ತ ಕಾರುತ್ತಾಳೆ ಎಂದು ಕಾದರು. ಏನೂ ಆಗದಿದ್ದದ್ದು ಅವರನ್ನು ಇನ್ನಷ್ಟು ಹೆದರಿಸಿತು. ದಿನ ಕಳೆದಂತೆ ಊತ ಇಳಿಯಿತು, ಕಣ್ಣು ತೆರೆಯಿತು, ಹುಡುಗಿ ಗಂಜಿ ಬೇಡಿದಳು. ಬೀಗರ ಮುಂದೆ ಅವಳು ಎಳ್ಳುಕಾಳಿನಷ್ಟು ಚಿಕ್ಕ ಮೂಗುಬೊಟ್ಟಿನಲ್ಲಿ ನಿಂತಳು.

ಆಮೇಲೆ ಹಟ್ಟಿಗೆ ಹಟ್ಟಿಯೇ ವಾದ್ಯದೊಂದಿಗೆ ಗುಡ್ಡ ಹತ್ತಿ, ಹೊನ್ನಿನ ನತ್ತನ್ನು ಅಮ್ಮನಿಗೆ ಮರಳಿ ಹಾಕಲು ಅಪ್ಪಣೆ ಬೇಡಿತು. ಹೂ ಬೀಳಲಿಲ್ಲ.

ಇಂದಿಗೂ ಬಂದವರು ನೋಡುವುದು ಅದನ್ನೇ: ಕರಿಶಿಲೆಯ ಮೂಗಿನಲ್ಲಿ ಹಸಿರು ಬೇವಿನ ಕಡ್ಡಿ, ಪಾದದ ಬಳಿ ತಟ್ಟೆಯಲ್ಲಿ ಆ ಹೊನ್ನಿನ ನತ್ತು. ಹೊಸದಾಗಿ ಮೂಗು ಚುಚ್ಚಿಸಿಕೊಂಡ ಹೆಣ್ಣುಮಕ್ಕಳಿಗೆ ಪೂಜಾರಿ ಕೈ ತೊಳೆಸಿದ ಮೇಲೆಯೇ ಕಡ್ಡಿ ಕೊಡುತ್ತಾನೆ. ವರ್ಷಕ್ಕೊಮ್ಮೆ ಅಮ್ಮನ ಭುಜದ ಮೇಲೆ ಹೂವಿಟ್ಟು, ನತ್ತು ಹಾಕಬಹುದೇ ಎಂದು ಕೇಳುತ್ತಾರೆ. ಗುಡಿಯೊಳಗೆ ಆಗ ಯಾರೂ ಕೆಮ್ಮುವುದೂ ಇಲ್ಲ. ಹೂ ಇಟ್ಟಲ್ಲೇ ಬಾಡುತ್ತದೆ, ಜನ ತಟ್ಟೆಯಿಂದ ದೂರ ಸರಿದು ಮೆಟ್ಟಿಲಿಳಿಯುತ್ತಾರೆ.